ಊರ ಮುಂದಿನ ಕಲ್ಲನ್ನು ಓದುವವರು ಯಾರು?

ಒಂದು ಸಣ್ಣ ಪರೀಕ್ಷೆಯಿಂದ ಆರಂಭಿಸೋಣ. ನಿಮ್ಮ ಮನೆಯ ಅಥವಾ ಶಾಲೆಯ ಮಕ್ಕಳನ್ನು ಕರೆದು, "ನಿಮಗೆ ಹತ್ತಿರವಿರುವ ಐತಿಹಾಸಿಕ ಸ್ಥಳ ಯಾವುದು?" ಎಂದು ಕೇಳಿ ನೋಡಿ. ಹಂಪೆ, ಬೇಲೂರು, ಬಾದಾಮಿ, ಶ್ರೀರಂಗಪಟ್ಟಣ, ಹೀಗೆ ಉತ್ತರ ಬರುತ್ತದೆ. ಚಿತ್ರೀಕರಣಕ್ಕೆಂದು ಹೋದ ಊರುಗಳಲ್ಲೆಲ್ಲ ನಾನು ಈ ಪ್ರಶ್ನೆ ಕೇಳಿದ್ದೇನೆ. ಉತ್ತರ ಹೇಳಿದ ಹುಡುಗ ನಿಂತ ಜಾಗದಿಂದ ಇನ್ನೂರು ಹೆಜ್ಜೆಯೊಳಗೆ ಒಂದು ವೀರಗಲ್ಲು ಸೊಂಟದವರೆಗೆ ಮಣ್ಣಿನಲ್ಲಿ ಹೂತು ನಿಂತಿರುತ್ತದೆ. ಕೆಲವು ಕಡೆ ಅದಕ್ಕೆ ಎಮ್ಮೆ ಕಟ್ಟಿರುತ್ತಾರೆ. ಕೆಲವು ಕಡೆ ಅದೇ ಬಟ್ಟೆ ಒಗೆಯುವ ಕಲ್ಲು. ಇನ್ನು ಕೆಲವು ಕಡೆ ಎಣ್ಣೆ ಕುಂಕುಮ ಮೆತ್ತಿಕೊಂಡು ದೇವರಾಗಿರುತ್ತದೆ. ಹುಡುಗನಿಗೆ ಅದು ಕಲ್ಲು, ಅಷ್ಟೇ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಪಠ್ಯಪುಸ್ತಕ ಇಡೀ ರಾಜ್ಯಕ್ಕೆ ಒಂದೇ. ಸಾವಿರಾರು ಊರುಗಳ ಸಂಗತಿಯನ್ನು ಅದರೊಳಗೆ ತುಂಬುವುದು ಆಗದ ಮಾತು. ಪಠ್ಯಪುಸ್ತಕ ಮುಗಿಯುವ ಜಾಗದಿಂದ ಮುಂದಕ್ಕೆ ಬರೆಯಬೇಕಾದವರು ಯಾರು? ಆಯಾ ಊರಿನ ಶಾಲೆಯೇ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಓದಿದ್ದು ವಿಜ್ಞಾನ; ಇತಿಹಾಸದ ವಿದ್ವಾಂಸನಲ್ಲ. ಆದರೂ ಈ ಮಾತನ್ನು ಧೈರ್ಯವಾಗಿ ಹೇಳಲು ಕಾರಣಗಳಿವೆ.

ಮೊದಲ ಕಾರಣ ಬಿ.ಎಲ್. ರೈಸ್. ಕನ್ನಡ ಶಾಸನಗಳ ಮಾತು ಬಂದಲ್ಲೆಲ್ಲ ಈ ಹೆಸರು ಬರುತ್ತದೆ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಅವರ ಉದ್ಯೋಗ ಶುರುವಾದದ್ದು ಪುರಾತತ್ವ ಇಲಾಖೆಯಲ್ಲಲ್ಲ, ಶಿಕ್ಷಣ ಇಲಾಖೆಯಲ್ಲಿ. ಅವರು ಮೊದಲು ಹೈಸ್ಕೂಲಿನ ಮುಖ್ಯಸ್ಥರು, ಆಮೇಲೆ ಮೈಸೂರು ಮತ್ತು ಕೊಡಗಿನ ಶಾಲೆಗಳ ತನಿಖಾಧಿಕಾರಿ. ಶಾಲೆ ನೋಡಲು ಊರೂರು ತಿರುಗುವಾಗ ದಾರಿಬದಿಯಲ್ಲಿ, ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ಬರಹವಿದ್ದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಆ ಕುತೂಹಲವೇ ಮುಂದೆ ಬೆಳೆದು 'ಎಪಿಗ್ರಾಫಿಯಾ ಕರ್ನಾಟಿಕ'ದ 12 ಸಂಪುಟಗಳಾಯಿತು. 1886ರಲ್ಲಿ ಕೊಡಗಿನ ಸಂಪುಟ ಬಂತು. 1905ರ ಹೊತ್ತಿಗೆ ಹಳೆಯ ಮೈಸೂರು ಸೀಮೆಯ ಜಿಲ್ಲೆಗಳೆಲ್ಲ ಮುಗಿದಿದ್ದವು. ಒಟ್ಟು ಸುಮಾರು 9,000 ಶಾಸನಗಳು. ನಮ್ಮ ನಾಡಿನ ಚರಿತ್ರೆಯ ಅರ್ಧ ತಳಪಾಯವನ್ನು ಹಾಕಿದವರು ಶಾಲೆ ತನಿಖೆಗೆ ಹೊರಟಿದ್ದ ಒಬ್ಬ ಅಧಿಕಾರಿ ಎಂಬುದನ್ನು ಉಪಾಧ್ಯಾಯ ಮಿತ್ರರು ನೆನಪಿನಲ್ಲಿಟ್ಟುಕೊಳ್ಳಬೇಕು. ತನಿಖೆಗೆ ಬರುವ ಇಂದಿನ ಅಧಿಕಾರಿಗಳೂ ನೆನಪಿಟ್ಟರೆ ಸಂತೋಷ.

ಎರಡನೆಯ ಕಾರಣ ನನ್ನದೇ ಒಂದು ತಪ್ಪು. ಸುಮಾರು ಹತ್ತು ವರ್ಷಗಳ ಹಿಂದೆ ಒಂದು ಊರಿನ ಹೊರವಲಯದಲ್ಲಿ ವೀರಗಲ್ಲೊಂದನ್ನು ಚಿತ್ರೀಕರಿಸಿದೆವು. ಕಲ್ಲಿನ ಪಟ್ಟಿಕೆಗಳ ನಡುವೆ ಏಳೆಂಟು ಸಾಲು ಬರಹವಿತ್ತು. ನಾವು ಹೋದದ್ದು ನಡುಮಧ್ಯಾಹ್ನ, ಮುಂದಿನ ಊರಿಗೆ ಹೊರಡುವ ಅವಸರ ಬೇರೆ. ಕ್ಯಾಮೆರಾವನ್ನು ಮೆಲ್ಲಗೆ ಮೇಲಿನಿಂದ ಕೆಳಗೆ ಇಳಿಸಿದೆವು, ಹಿನ್ನೆಲೆಗೆ ಕೊಳಲಿನ ನಾದ ಸೇರಿಸಿದೆವು, ಕಾರ್ಯಕ್ರಮ ಚೆನ್ನಾಗಿ ಬಂತು ಎಂದು ನಾಲ್ಕು ಜನ ಹೇಳಿದರು. ಕೆಲವು ವರ್ಷ ಬಿಟ್ಟು ಇನ್ನೊಂದು ಕಾರ್ಯಕ್ರಮಕ್ಕೆ ಅದೇ ಕಲ್ಲು ಬೇಕಾಯಿತು. ಹೋಗಿ ನೋಡಿದರೆ ರಸ್ತೆ ಅಗಲವಾಗಿತ್ತು, ಕಲ್ಲು ಇರಲಿಲ್ಲ. ಅಂಗಡಿಯ ಮುಂದೆ ಕುಳಿತಿದ್ದ ಹಿರಿಯರೊಬ್ಬರು, "ಇತ್ತು ಸ್ವಾಮಿ, ಮೋರಿ ಕಟ್ಟೋವಾಗ ಅಡಿಗೆ ಹಾಕಿದ್ರು ಅನ್ನಿಸುತ್ತೆ" ಎಂದರು. ಅಚ್ಚಾದ ಸಂಪುಟಗಳಲ್ಲಿ ಆ ಊರಿನ ಹೆಸರು ಹುಡುಕಿಸಿದೆ; ಆ ಶಾಸನ ಸಿಗಲಿಲ್ಲ. ಉಳಿದಿದ್ದದ್ದು ನಮ್ಮ ಚಿತ್ರೀಕರಣ ಮಾತ್ರ. ಅದನ್ನು ನಿಲ್ಲಿಸಿ, ಹಿಗ್ಗಿಸಿ, ಎಷ್ಟು ನೋಡಿದರೂ ಒಂದು ಅಕ್ಷರವೂ ಓದಲು ಬರುವುದಿಲ್ಲ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕೆತ್ತನೆಗೆ ನೆರಳೇ ಬಿದ್ದಿರಲಿಲ್ಲ. ಕಲ್ಲಿನ ಎತ್ತರ ಎಷ್ಟಿತ್ತು, ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದನ್ನೂ ನಾವು ಬರೆದಿಟ್ಟಿರಲಿಲ್ಲ. ಯಾರೋ ಒಬ್ಬ ಸತ್ತದ್ದಕ್ಕೆ ಅವನ ಊರಿನವರು ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸಿದ್ದರು. ನೂರಾರು ವರ್ಷ ಉಳಿದಿದ್ದ ಆ ಹೆಸರು ನಮ್ಮ ಕಾಲದಲ್ಲಿ ಹೋಯಿತು.

ಆ ಊರಿನ ಹೈಸ್ಕೂಲು ಕಲ್ಲಿದ್ದ ಜಾಗದಿಂದ ಕೂಗಳತೆಯಲ್ಲಿದೆ. ಬೆಂಗಳೂರಿನಿಂದ ಹೋದ ನಮಗೆ ಅಲ್ಲಿ ಸಿಕ್ಕಿದ್ದು ಅರ್ಧ ಗಂಟೆ. ಆ ಶಾಲೆಯ ಮಕ್ಕಳು ದಿನಕ್ಕೆರಡು ಬಾರಿ ಅದರ ಪಕ್ಕದಲ್ಲೇ ಓಡಾಡುತ್ತಿದ್ದರು. ಬೆಳಗಿನ ಬಿಸಿಲು, ಸಂಜೆಯ ಬಿಸಿಲು ಎರಡೂ ಅವರ ಕೈಯಲ್ಲಿತ್ತು. ರಸ್ತೆಗೆ ಗುರುತಿನ ಕಲ್ಲು ನೆಟ್ಟ ದಿನ ಸುದ್ದಿ ತಿಳಿಯುವುದೂ ಅವರಿಗೇ ಮೊದಲು.

ಹೊಸ ಸಂಗತಿ ಕಂಡುಹಿಡಿಯುವುದು ವಿದ್ವಾಂಸರ ಕೆಲಸ, ನಮ್ಮದಲ್ಲ ಎಂದು ಹಿಂಜರಿಯುವವರಿಗೆ ನಮ್ಮ ನಾಡಿನ ಮೂರು ಪ್ರಸಂಗಗಳನ್ನು ನೆನಪಿಸುತ್ತೇನೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನ ಬಿರುದು ಮಾತ್ರ ಇತ್ತು. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಸಿಕ್ಕಿತು. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ತೀರದ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಡು ಕುಸಿಯಿತು. ಅವಶೇಷ ತೆಗೆದಾಗ ದೇವಿಯ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ ಎಂದು ತಿಳಿಯಿತು. ವಿಗ್ರಹ ಕೂರಿಸಲೆಂದು ಅದರ ನಡುವೆ ರಂಧ್ರ ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋಗಿದ್ದವು. ಮೂರನೆಯದು ಬೆಂಗಳೂರಿನ ಹೆಬ್ಬಾಳದ್ದು. ಕ್ರಿ.ಶ. 750ರ ಸುಮಾರಿನ, ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯ ಎಂಬ ವೀರನ ಕಲ್ಲು 2018ರಲ್ಲಿ ಚರಂಡಿ ಕಾಮಗಾರಿಯ ವೇಳೆ ಸಿಕ್ಕಿತು. ಅದು ಏನೆಂದು ಗುರುತಿಸಿ ಉಳಿಸಿಕೊಂಡವರು ಶಾಸನಗಳ ಹುಚ್ಚು ಹಿಡಿಸಿಕೊಂಡ ಹವ್ಯಾಸಿಗಳು ಮತ್ತು ಅಲ್ಲಿನ ನಿವಾಸಿಗಳು. ಗುರುತಿಸುವವರು ಹತ್ತಿರದಲ್ಲಿ ಇಲ್ಲದಿದ್ದರೆ ಅದೂ ಮೋರಿಯ ಅಡಿಗೆ ಹೋಗಬಹುದಾಗಿತ್ತು.

ಕಲ್ಲು ಓದುವ ಬಗೆ

ಗುರುತಿಸುವುದು ಕಷ್ಟವಲ್ಲ. ಸಾಮಾನ್ಯವಾಗಿ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಕುದುರೆ, ಕೆಲವು ಕಡೆ ದನಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೋ ತನ್ನ ದೈವದ ಮುಂದೋ ಕೈಮುಗಿದು ಕುಳಿತಿರುತ್ತಾನೆ. ನೆತ್ತಿಯಲ್ಲಿ ಸೂರ್ಯ ಚಂದ್ರರು; ಅವು ಇರುವ ತನಕ ಈ ಹೆಸರು ಇರಲಿ ಎಂಬ ಆಸೆ. ಕೆಳಗೆ ದನಗಳಿದ್ದರೆ ಅದು ಬಹುಮಟ್ಟಿಗೆ ತುರುಗೋಳ್, ಎಂದರೆ ಶತ್ರುಗಳು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಬಿಡಿಸಿಕೊಳ್ಳಲು ನಡೆದ ಹೋರಾಟ. ಊರಿಗೇ ದಾಳಿಯಾದಾಗ ಸತ್ತವರ ಕಲ್ಲುಗಳಲ್ಲಿ 'ಊರಳಿವು' ಎಂಬ ಮಾತು ಬರುತ್ತದೆ. ಕಲ್ಲಿನಲ್ಲಿ ಕಂಬದಿಂದ ಹೊರಚಾಚಿದ, ಬಳೆ ತೊಟ್ಟ ಮಡಿಸಿದ ತೋಳು ಕಂಡರೆ ಅದು ಮಾಸ್ತಿಕಲ್ಲು. ಗಂಡನೊಡನೆ ಸತಿ ಹೋದವಳ ನೆನಪು. ಹೊಲದ ಬದುವಿನಲ್ಲಿ ಲಿಂಗದ ಗುರುತಿನ ಗಿಡ್ಡ ಕಲ್ಲು ಇದ್ದರೆ ಅದು ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆ. ಒಂದರ ಮೇಲೊಂದು ಮೂರು ಕೊಡೆ ಇದ್ದರೆ ಜೈನ ಬಸದಿಯದು. ಇಷ್ಟು ತಿಳಿದುಕೊಂಡು ಹೊರಟರೆ ಒಂದು ಭಾನುವಾರದಲ್ಲಿ ಮಕ್ಕಳು ಊರ ಸುತ್ತ ಐದಾರು ಕಲ್ಲನ್ನಾದರೂ ಗುರುತಿಸುತ್ತಾರೆ.

ಈ ಕಲ್ಲುಗಳಲ್ಲಿ ರಾಜರ ಹೊಗಳಿಕೆ ಮಾತ್ರ ಇರುತ್ತದೆ ಎಂದು ಭಾವಿಸಬೇಡಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಒಂದು ನಾಯಿಯ ನೆನಪಿನದು. ಚೋಳರ ಮೇಲಿನ ತಕ್ಕೋಲದ ಯುದ್ಧದ ಕಾಲದಲ್ಲಿ ಗಂಗರ ಬೂತುಗನು ತನ್ನ ಭಟ ಮಣಲೇರನ ಶೌರ್ಯಕ್ಕೆ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಹೋರಾಟದಲ್ಲಿ ನಾಯಿಯೂ ಹಂದಿಯೂ ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಅದಕ್ಕೆ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರಾಬದುರಾಗಿ ನಿಂತಿರುವ ಶಿಲ್ಪವಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ಸೇರಿದೆ. ಒಂದು ಸಾವಿರ ವರ್ಷದ ಹಿಂದಿನ ನಾಯಿಯೊಂದರ ಹೆಸರು ನಮಗೆ ಗೊತ್ತಿದೆ ಎಂದರೆ ಏಳನೆಯ ತರಗತಿಯ ಮಕ್ಕಳ ಕಣ್ಣು ಹೇಗೆ ಅರಳುತ್ತದೆ ಎಂಬುದನ್ನು ನಾನು ನೋಡಿದ್ದೇನೆ.

ಇದೇ ಶಾಸನದಲ್ಲಿ ಗಣಿತದ ಮೇಷ್ಟ್ರಿಗೂ ಕೆಲಸವಿದೆ. ಅದರ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ ಎಂದು ನಾವು ಕಲಿತಿದ್ದೇವೆ. ಆ ಲೆಕ್ಕದಲ್ಲಿ 950. ಈಗ ಸಂವತ್ಸರವನ್ನು ತಾಳೆ ನೋಡೋಣ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಸೌಮ್ಯ ಸಂವತ್ಸರ 1969ರ ಯುಗಾದಿಯಿಂದ 1970ರ ಯುಗಾದಿಯ ತನಕ ಇತ್ತು. ಅದರಿಂದ ಅರವತ್ತರ ಹದಿನೇಳು ಸುತ್ತು, ಎಂದರೆ 1020 ಕಳೆಯಿರಿ: 949-50. ಒಂದು ವರ್ಷದ ವ್ಯತ್ಯಾಸ ಏಕೆ? ಶಾಸನ ಹೇಳುವುದು ಕಳೆದುಹೋದ 872 ವರ್ಷವನ್ನಲ್ಲ, ಆಗ ನಡೆಯುತ್ತಿದ್ದ 872ನೆಯ ವರ್ಷವನ್ನು. ಎರಡು ಗಡಿಯಾರ ಒಂದನ್ನೊಂದು ಪರೀಕ್ಷಿಸುವ ಹಾಗೆ ಇದು.

ಅಕ್ಷರ ಓದಲು ಬಾರದಿದ್ದರೆ ಚಿಂತೆಯಿಲ್ಲ. ಹಳೆಗನ್ನಡ ಲಿಪಿ ಓದುವವರು ನಾಡಿನಲ್ಲಿದ್ದಾರೆ. ಅವರ ಕೈಗೆ ಓದಬಲ್ಲ ಚಿತ್ರ ತಲುಪಿಸುವುದು ನಿಮ್ಮ ಕೆಲಸ. ಈ ವಿಷಯದಲ್ಲಿ ನನ್ನ ವೃತ್ತಿಯ ಗುಟ್ಟೊಂದನ್ನು ಬಿಟ್ಟುಕೊಡುತ್ತೇನೆ. ಎದುರಿನಿಂದ ಬೀಳುವ ಬೆಳಕು ಕೆತ್ತನೆಯನ್ನು ನುಂಗುತ್ತದೆ. ಪಕ್ಕದಿಂದ ಓರೆಯಾಗಿ ಬೀಳುವ ಬೆಳಕು ಅದನ್ನು ಎತ್ತಿ ತೋರಿಸುತ್ತದೆ. ಸವೆದ ಅಕ್ಷರದ ಆಳ ಕೂದಲೆಳೆಯಷ್ಟಿದ್ದರೂ ಓರೆ ಬೆಳಕಿನಲ್ಲಿ ಅದರ ನೆರಳು ಅಗಲವಾಗಿ ಬೀಳುತ್ತದೆ. ಹಾಗಾಗಿ ಕಲ್ಲಿನ ಮುಖವನ್ನು ಬಿಸಿಲು ಸವರಿಕೊಂಡು ಹೋಗುವ ಹೊತ್ತನ್ನು ಕಾದು ನೋಡಿ. ಆ ಹೊತ್ತು ಸಿಗದಿದ್ದರೆ ಕತ್ತಲಾದ ಮೇಲೆ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಹೋಗಿ. ಒಬ್ಬರು ಟಾರ್ಚನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ಟಾರ್ಚನ್ನು ಎಡದಿಂದ, ಬಲದಿಂದ, ಮೇಲಿನಿಂದ ಹಿಡಿದು ಒಂದೊಂದು ಚಿತ್ರ ತೆಗೆಯಬೇಕು. ಪ್ರತಿ ಚಿತ್ರದಲ್ಲೂ ಕಂಪಾಸ್ ಪೆಟ್ಟಿಗೆಯ 15 ಸೆಂಟಿಮೀಟರ್ ಅಳತೆಪಟ್ಟಿ ಕಲ್ಲಿನ ಪಕ್ಕದಲ್ಲಿರಲಿ. ಬೆಂಗಳೂರಿನ ಮಿಥಿಕ್ ಸೊಸೈಟಿಯ ತಂಡ ಈಚಿನ ವರ್ಷಗಳಲ್ಲಿ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ದಾಖಲಿಸುತ್ತಿದೆ. ಅಲ್ಲಿ ಗಣಕಯಂತ್ರ ಮಾಡುವುದೂ ಹೆಚ್ಚುಕಡಿಮೆ ಇದನ್ನೇ: ಕಲ್ಲಿನ ಉಬ್ಬುತಗ್ಗುಗಳನ್ನು ಅಳೆದು ಅಕ್ಷರವನ್ನು ಎದ್ದು ಕಾಣುವಂತೆ ಮಾಡುವುದು.

ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತುಂಬುವುದು, ಎಣ್ಣೆ ಹಚ್ಚುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು, ಆಸಿಡ್ ಹಾಕುವುದು ಇವನ್ನು ದಯಮಾಡಿ ಮಾಡಬೇಡಿ. ಸೀಮೆಸುಣ್ಣದಿಂದ ಇನ್ನೊಂದು ಅಪಾಯವೂ ಇದೆ: ನಾವು ಇದೆ ಎಂದುಕೊಂಡ ಅಕ್ಷರವನ್ನೇ ತಿದ್ದಿಬಿಡುತ್ತೇವೆ. ಆಮೇಲೆ ಚಿತ್ರ ನೋಡಿದ ವಿದ್ವಾಂಸರು ಓದುವುದು ನಮ್ಮ ಕಲ್ಪನೆಯನ್ನು, ಶಾಸನವನ್ನಲ್ಲ.

ಕಂಡದ್ದು, ಕೇಳಿದ್ದು, ಊಹಿಸಿದ್ದು

ಪ್ರಯೋಗಶಾಲೆಯಲ್ಲಿ ನಮ್ಮ ಮೇಷ್ಟ್ರು ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು: ವೀಕ್ಷಣೆಯನ್ನೂ ನಿರ್ಣಯವನ್ನೂ ಒಂದೇ ಅಂಕಣದಲ್ಲಿ ಬರೆಯಬೇಡಿ. ಊರಿನ ಚರಿತ್ರೆ ಬರೆಯುವವರಿಗೂ ನಾನು ಅದನ್ನೇ ಹೇಳುತ್ತೇನೆ. ನೋಟ್ ಪುಸ್ತಕದ ಪುಟಕ್ಕೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ಕಣ್ಣಾರೆ ಕಂಡದ್ದು, ಎರಡನೆಯದರಲ್ಲಿ ಇನ್ನೊಬ್ಬರಿಂದ ಕೇಳಿದ್ದು, ಮೂರನೆಯದರಲ್ಲಿ ನೀವು ಊಹಿಸಿದ್ದು. ಒಂದರ ಮಾತು ಇನ್ನೊಂದಕ್ಕೆ ಜಾರಬಾರದು.

ಬೆಂಗಳೂರಿನ ಹೆಸರನ್ನೇ ತೆಗೆದುಕೊಳ್ಳಿ. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳ ರಾಜ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂಬ ಕಥೆ ನಮಗೆಲ್ಲ ಗೊತ್ತು. ಅದು ಕೇಳಿದ್ದು. ಇಮ್ಮಡಿ ವೀರಬಲ್ಲಾಳ ಆಳಿದ್ದು 12ನೆಯ ಶತಮಾನದ ಕೊನೆಯಲ್ಲಿ ಮತ್ತು 13ರ ಆರಂಭದಲ್ಲಿ. ಆದರೆ ಬೇಗೂರಿನ ನಾಗೇಶ್ವರ ಗುಡಿಯ ಕ್ರಿ.ಶ. 890ರ ಸುಮಾರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖ ಆಗಲೇ ಇದೆ. ಅದು ಕಂಡದ್ದು. ರಾಜ ಬರುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು ಎಂದ ಮೇಲೆ ಕಥೆ ಹೆಸರಿನಿಂದ ಹುಟ್ಟಿರಬೇಕು, ಹೆಸರು ಕಥೆಯಿಂದಲ್ಲ. ಇದು ಊಹೆ, ಆದರೆ ಆಧಾರವಿರುವ ಊಹೆ. ಹಾಗೆಂದು ಕಥೆಯನ್ನು ಎಸೆಯಬೇಕಿಲ್ಲ. ಅದರ ಅಂಕಣದಲ್ಲಿ ಅದು ಇರಲಿ. ಜನ ತಮ್ಮ ಊರನ್ನು ಹೇಗೆ ನೆನೆದರು ಎಂಬುದಕ್ಕೆ ಕಥೆಯೂ ಸಾಕ್ಷಿಯೇ.

ಇದಕ್ಕೆ ವಿರುದ್ಧವಾಗಿ, ಬರೆದದ್ದೆಲ್ಲ ನಿಜ ಎಂದೂ ನಂಬುವಂತಿಲ್ಲ. ಭೂಮಿಯ ಆಸೆಗೆ ಹಿಂದಿನ ತೇದಿ ಹಾಕಿ ಮಾಡಿಸಿದ ತಾಮ್ರಪಟಗಳು ಸಿಕ್ಕಿವೆ; ಅವಕ್ಕೆ ಕೂಟಶಾಸನ ಎನ್ನುತ್ತಾರೆ. ಗಂಗರ ಹೆಸರಿನ ಕೆಲವು ತಾಮ್ರಪಟಗಳ ಬಗ್ಗೆ ಫ್ಲೀಟ್ ಮತ್ತು ರೈಸ್ ನಡುವೆ ದೀರ್ಘ ವಾದವೇ ನಡೆಯಿತು. ಇತಿಹಾಸದ ಮಾತು ಎಂದಿಗೂ ಮುಚ್ಚಿದ ಕಡತವಲ್ಲ ಎಂಬುದಕ್ಕೂ ಉದಾಹರಣೆ ಇದೆ. ನಾವು ಶಾಲೆಯಲ್ಲಿ ಓದುವಾಗ ಮೊದಲ ಕನ್ನಡ ಶಾಸನ ಯಾವುದು ಎಂದರೆ ಹಲ್ಮಿಡಿ ಎಂಬುದು ಒಂದೇ ಉತ್ತರ, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಪ್ರಕಟಪಡಿಸಿದ, ಕ್ರಿ.ಶ. 450ರ ಸುಮಾರಿನದು. ಈಚೆಗೆ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಬರಹ ಸಿಕ್ಕಿ, ಅದು ಇನ್ನೂ ಹಿಂದಿನದು, 370ರದು ಎಂಬ ವಾದ ಬಂದಿದೆ.

ನೀರಗಂಟಿಯನ್ನು ಕೇಳಿ

ಕಲ್ಲಿನ ಮಾತು ಹೆಚ್ಚಾಯಿತು. ಕಲ್ಲು ನಾಳೆಯ ತನಕ ಕಾಯಬಹುದು; ಎಂಬತ್ತೈದು ವರ್ಷದ ಹಿರಿಯರು ಕಾಯುವುದಿಲ್ಲ.

ಅವರ ಬಳಿ ಹೋಗಿ, "ತಾತ, ನಮ್ಮೂರ ಇತಿಹಾಸ ಹೇಳಿ" ಎಂದರೆ ಏನೂ ಸಿಗುವುದಿಲ್ಲ. "ನಮಗೇನು ಗೊತ್ತಪ್ಪ, ಓದಿದೋರನ್ನ ಕೇಳು" ಎಂದುಬಿಡುತ್ತಾರೆ. ಇತಿಹಾಸ ಎಂಬ ಮಾತೇ ಅವರನ್ನು ದೂರ ಮಾಡುತ್ತದೆ. ಅವರು ಮಾಡಿದ ಕೆಲಸವನ್ನು ಕೇಳಿ. ಕೆರೆಯ ತೂಬು ಎತ್ತಿ ಇಳಿಸುತ್ತಿದ್ದ ನೀರಗಂಟಿ ಇದ್ದಾರೆಯೇ? ತೂಬಿನ ಬಳಿಗೇ ಅವರನ್ನು ಕರೆದುಕೊಂಡು ಹೋಗಿ. ನೀರು ಕಡಿಮೆಯಾದ ವರ್ಷ ಮೊದಲು ಯಾರ ಗದ್ದೆಗೆ ಬಿಡುತ್ತಿದ್ದರು, ಅಚ್ಚುಕಟ್ಟಿನ ಕೊನೆಯಲ್ಲಿದ್ದವರ ಪಾಲನ್ನು ಹೇಗೆ ಅಳೆಯುತ್ತಿದ್ದರು, ಕೋಡಿ ಹರಿದದ್ದು ಯಾವ ವರ್ಷ, ಅವರಿಗೆ ಕೂಲಿಯಾಗಿ ಎಷ್ಟು ಕಾಳು ಕೊಡುತ್ತಿದ್ದರು ಎಂದು ಕೇಳಿ. ಒಂದೂವರೆ ಗಂಟೆ ಮಾತು ನಿಲ್ಲುವುದಿಲ್ಲ. ಕೆರೆಯ ಕೆಲಸಕ್ಕೆಂದು ಭೂಮಿ ಬಿಡುವ ಪದ್ಧತಿ ಹಳೆಯ ಶಾಸನಗಳಲ್ಲಿ 'ಬಿತ್ತುವಟ್ಟ' ಎಂಬ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಶಾಸನದ ಒಂದು ಶಬ್ದಕ್ಕೆ ಜೀವಂತ ವಿವರಣೆ ಕೊಡಬಲ್ಲವರು ಇವರೇ. ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಇಂಥ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದುಮಾಡಲು ಕಾಯ್ದೆ ಬಂದದ್ದು 1961ರಲ್ಲಿ. ಆ ವ್ಯವಸ್ಥೆ ನಡೆಯುತ್ತಿದ್ದುದನ್ನು ಕಣ್ಣಾರೆ ಕಂಡವರು ಈಗ ಎಷ್ಟು ಜನ ಉಳಿದಿದ್ದಾರೆ, ನೀವೇ ಲೆಕ್ಕ ಹಾಕಿ.

ಅಜ್ಜಿಯರನ್ನು ಬಿಡಬೇಡಿ. ಬೀಸುವ ಕಲ್ಲಿನ ಪದ, ಸೋಬಾನೆ ಪದಗಳಲ್ಲಿ ಊರ ಹೆಸರು, ಜಾತ್ರೆ, ಬರಗಾಲ ಎಲ್ಲ ಸೇರಿರುತ್ತವೆ. ಕುಡಿಯುವ ನೀರು ಎಲ್ಲಿಂದ ತರುತ್ತಿದ್ದರು, ಯಾರು ಯಾವ ಬಾವಿಗೆ ಹೋಗುವಂತಿರಲಿಲ್ಲ ಎಂಬುದೂ ಅವರಿಗೆ ಗೊತ್ತು. ಪ್ಲೇಗಿನ ಮಾತು ಕೇಳಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ನಂತರ ಸುತ್ತಲ ಸೀಮೆಯಲ್ಲೂ ಅದು ವರ್ಷಗಟ್ಟಲೆ ಕಾಡಿತು. ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಹಾಗೆ ಹೋದವರ ಸುದ್ದಿ ಅಜ್ಜಿಯ ಅಜ್ಜಿಯಿಂದ ಇಳಿದು ಬಂದಿರುತ್ತದೆ. ಧ್ವನಿ ಮುದ್ರಿಸುವ ಮುನ್ನ ಒಪ್ಪಿಗೆ ಕೇಳಿ. ಮುದ್ರಿಕೆಯ ಮೊದಲಲ್ಲಿ ದಿನಾಂಕ, ಊರು, ಹೇಳುವವರ ವಯಸ್ಸು ಬರಲಿ.

ಕಾಗದದ ಸಾಕ್ಷಿಯೂ ಊರಲ್ಲೇ ಇದೆ. ಭೂಮಾಪನ ಇಲಾಖೆಯ ಗ್ರಾಮನಕ್ಷೆಯನ್ನು ತರಿಸಿ ಗೋಡೆಗೆ ಅಂಟಿಸಿ. ನಕ್ಷೆಯಲ್ಲಿಲ್ಲದ ಹೆಸರುಗಳನ್ನು, ಅಗಸರ ಕಟ್ಟೆ, ದಂಡಿನ ದಾರಿ, ಬೂದಿಗುಡ್ಡೆ ಎಂಬಂಥವನ್ನು, ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬಂದು ಅದರ ಮೇಲೆ ಗುರುತು ಮಾಡಲಿ. ಬೂದಿ ಎಂಬ ಹೆಸರನ್ನು ಲಘುವಾಗಿ ಕಾಣಬೇಡಿ. ಸುರಪುರದ ಕಡೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಉಳಿದ ಬೂದಿದಿಬ್ಬವೇ ಸಿಕ್ಕಿದೆ. ಆದರೆ ಬೂದಿ ಎಂದಲ್ಲೆಲ್ಲ ನವಶಿಲಾಯುಗ ಇರುವುದಿಲ್ಲ, ಇದು ಮೂರನೆಯ ಅಂಕಣದ ಮಾತು. ಕಂದಾಯದ ಕಾಗದಗಳಲ್ಲಿ 'ಬೇಚರಾಕ್ ಗ್ರಾಮ' ಎಂಬ ಶಬ್ದ ಕಂಡರೆ ನಿಂತು ನೋಡಿ. ಪಾರ್ಸಿಯಲ್ಲಿ ಚಿರಾಗ್ ಎಂದರೆ ದೀಪ. ಬೇಚಿರಾಗ್ ಎಂದರೆ ದೀಪ ಹಚ್ಚುವವರಿಲ್ಲದ್ದು. ಒಂದು ಕಾಲಕ್ಕೆ ಜನವಿದ್ದು ಈಗ ಬರಿದಾದ ಊರು ಅದು. ಏಕೆ ಬರಿದಾಯಿತು ಎಂಬುದು ಒಂದು ವರ್ಷದ ಸಂಶೋಧನೆಗೆ ಸಾಕಾಗುವ ಪ್ರಶ್ನೆ.

ನಿಮ್ಮ ಊರಿನ ಶಾಸನ ಆಗಲೇ ಅಚ್ಚಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ರೈಸ್ ಅವರ ಸಂಪುಟಗಳು ತಾಲ್ಲೂಕುವಾರು ಇವೆ. ಮೈಸೂರು ವಿಶ್ವವಿದ್ಯಾಲಯ ಅವುಗಳ ಪರಿಷ್ಕೃತ ಆವೃತ್ತಿ ತಂದಿದೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಉತ್ತರದ ಜಿಲ್ಲೆಗಳ ಶಾಸನಗಳನ್ನು ಪ್ರಕಟಿಸಿವೆ. ಪುಸ್ತಕದಲ್ಲಿ ಇರುವ ಕಲ್ಲು ಈಗಲೂ ಅದೇ ಜಾಗದಲ್ಲಿದೆಯೇ ಎಂದು ಹೋಗಿ ನೋಡಿ ಬರೆಯುವುದೂ ಸಂಶೋಧನೆಯೇ. ನಿಜ ಹೇಳಬೇಕೆಂದರೆ ಇವತ್ತು ಅತ್ಯಂತ ತುರ್ತಾಗಿ ಬೇಕಿರುವ ಸಂಶೋಧನೆ ಅದು.

ಎರಡು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಎಲ್ಲೂ ಅಗೆಯಬೇಡಿ, ಯಾವುದನ್ನೂ ಶಾಲೆಗೆ ಹೊತ್ತು ತರಬೇಡಿ. ಕಲ್ಲಿದ್ದ ಜಾಗವೂ ಸಾಕ್ಷಿಯ ಭಾಗ. ಎತ್ತಿ ತಂದರೆ ಅರ್ಧ ಸಾಕ್ಷಿ ಅಲ್ಲೇ ಉಳಿಯುತ್ತದೆ. ನಾಣ್ಯವೋ ಪಾತ್ರೆಯೋ ಮಣ್ಣಿನಲ್ಲಿ ಸಿಕ್ಕರೆ ತಹಶೀಲ್ದಾರರಿಗೆ ತಿಳಿಸಿ. ನಿಧಿಯ ಬಗ್ಗೆ 1878ರಿಂದಲೂ ಕಾಯ್ದೆಯಿ‌ದೆ. ವೀರಗಲ್ಲಿನ ಕೆಳಗೆ ಹೊನ್ನಿದೆ ಎಂಬ ಭ್ರಮೆಯಿಂದ ರಾತ್ರೋರಾತ್ರಿ ಕಲ್ಲು ಕೀಳುವವರು ಇಂದಿಗೂ ಇದ್ದಾರೆ. ಮಕ್ಕಳು ಹಗಲು ಹೊತ್ತು ಅಳತೆಪಟ್ಟಿ ಹಿಡಿದು ಆ ಕಲ್ಲಿನ ಸುತ್ತ ಓಡಾಡುವುದು, ಅದು ಬರೀ ಕಲ್ಲು, ಅದರಲ್ಲಿ ಹೀಗೆ ಬರೆದಿದೆ ಎಂದು ಊರಿಗೆಲ್ಲ ಹೇಳುವುದು ಇದಕ್ಕೆ ನಾನು ಬಲ್ಲ ಒಳ್ಳೆಯ ಮದ್ದು.

ಇನ್ನೊಂದು ಎಚ್ಚರಿಕೆ ನಾಜೂಕಿನದು. ಊರ ಚರಿತ್ರೆ ಎಂದರೆ ಊರ ದೊಡ್ಡ ಗುಡಿಯ ಚರಿತ್ರೆ ಎಂದಾಗಿಬಿಡುವುದುಂಟು. ಕೇರಿಯವರ ಮಾರಮ್ಮನ ಕಲ್ಲು, ದರ್ಗಾ, ಕಮ್ಮಾರನ ಕುಲುಮೆ, ಕುಂಬಾರರ ಆವಿಗೆ, ಗಡಿಯ ಕಲ್ಲು ಎಲ್ಲಿದೆ ಎಂದು ಕತ್ತಲಲ್ಲೂ ತೋರಿಸಬಲ್ಲವನಾಗಿದ್ದ ತೋಟಿಯ ಮನೆಯವರ ನೆನಪು ಇವೆಲ್ಲ ಪಟ್ಟಿಯಲ್ಲಿರಬೇಕು. ಶಾಸನದಲ್ಲಿ ಸಿಕ್ಕ ಹೆಸರನ್ನು ಹಿಡಿದು ಇವನು ನಮ್ಮವನು, ಈ ಜಾಗ ನಮ್ಮದು ಎಂಬ ಜಗಳಕ್ಕೆ ಯಾರಾದರೂ ಹೊರಟರೆ ಶಾಲೆ ಅದರಲ್ಲಿ ಕೈಹಾಕಬಾರದು. ಕಂಡದ್ದನ್ನು ಕಂಡಂತೆ ಬರೆದಿದ್ದೇವೆ, ಇದೋ ಚಿತ್ರ, ಇದೋ ಅಳತೆ ಎಂದು ತೋರಿಸಿ ಸುಮ್ಮನಿರಬೇಕು. ನಮ್ಮ ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯಗಳಲ್ಲಿ ಬೆರಕೆ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದೂ ಇದೆ, ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದೂ ಇದೆ. ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ಮಾಡಬಹುದಾದ ಪಾಠ ಇದು.

ಉಪಾಧ್ಯಾಯರಿಗೆ ಸಮಯವೆಲ್ಲಿದೆ ಎಂದು ಕೇಳುತ್ತೀರಿ. ಗಣತಿ, ಚುನಾವಣೆ, ತರಬೇತಿ, ಬಿಸಿಯೂಟದ ಲೆಕ್ಕ ಎಲ್ಲ ನನಗೆ ಗೊತ್ತು. ಆದರೆ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಮಕ್ಕಳು ಹೇಗೂ ಅಂಗಡಿಯಿಂದ ಚಾರ್ಟು ತಂದು ಹಂಪೆಯ ಕಲ್ಲಿನ ರಥ ಅಂಟಿಸುತ್ತಾರಲ್ಲ, ಆ ಸಮಯವನ್ನೇ ಇದಕ್ಕೆ ತಿರುಗಿಸಿ. ವರ್ಷಕ್ಕೆ ಒಂದೇ ಸಂಗತಿ ಸಾಕು: ಒಂದು ಕೆರೆ, ಒಂದು ಕಲ್ಲು, ಇಲ್ಲವೇ ಒಂದು ಕಸುಬು. ಬರೆದದ್ದಕ್ಕೆ ಮೂರು ಪ್ರತಿ ಮಾಡಿಸಿ. ಒಂದು ಶಾಲೆಗೆ, ಒಂದು ಪಂಚಾಯಿತಿಯ ಗ್ರಂಥಾಲಯಕ್ಕೆ, ಒಂದು ಪುರಾತತ್ವ ಇಲಾಖೆಯ ಕಚೇರಿಗೆ. ಹೇಳಿಕೊಟ್ಟ ಹಿರಿಯರನ್ನು ಕರೆದು ಅವರೆದುರಿಗೆ ಓದಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಎಲ್ಲಿಂದ ಶುರು ಮಾಡಲಿ ಎನ್ನುವವರು ಊರು ಸುತ್ತುವ ಮೊದಲು ಶಾಲೆಯ ಬೀರುವನ್ನು ತೆಗೆಯಿರಿ. ತಳದಲ್ಲಿ ಹಳೆಯ ದಾಖಲಾತಿ ವಹಿ ಇರುತ್ತದೆ. ಮೊದಲ ವರ್ಷ ಸೇರಿದವರು ಎಷ್ಟು ಜನ, ಅವರಲ್ಲಿ ಹುಡುಗಿಯರು ಎಷ್ಟು, ಯಾವ ಕೇರಿಯ ಮಗು ಯಾವ ವರ್ಷ ಮೊದಲ ಬಾರಿಗೆ ಶಾಲೆಯ ಮೆಟ್ಟಿಲು ಹತ್ತಿತು, ತಂದೆಯ ಕಸುಬು ಏನು, ಎಲ್ಲವೂ ಮೇಷ್ಟ್ರ ಕೈಬರಹದಲ್ಲಿದೆ. ಜನ್ಮದಿನದ ಅಂಕಣ ನೋಡಿ ನಗು ಬಂದೀತು: ಅರ್ಧ ಊರು ಜೂನ್ ಒಂದನೇ ತಾರೀಖು ಹುಟ್ಟಿರುತ್ತದೆ. ಅಪ್ಪ ಅಮ್ಮನಿಗೆ ತೇದಿ ನೆನಪಿಲ್ಲದಾಗ ಶಾಲೆ ಶುರುವಾಗುವ ದಿನಕ್ಕೆ ಸರಿಹೊಂದುವಂತೆ ಮೇಷ್ಟ್ರೇ ಬರೆದುಕೊಂಡದ್ದು ಅದು. ವಹಿಗೆ ಗೆದ್ದಲು ಹಿಡಿದಿದ್ದರೆ ಬಿಸಿಲಿಗೆ ಹರಡಬೇಡಿ, ಕಾಗದ ಪುಡಿಯಾಗುತ್ತದೆ. ನೆರಳಿನಲ್ಲಿ ಗಾಳಿಗೆ ಇಟ್ಟು, ಮೃದುವಾದ ಬಣ್ಣದ ಕುಂಚದಿಂದ ಧೂಳು ತೆಗೆದು, ಮೊದಲು ಪ್ರತಿ ಪುಟದ ಚಿತ್ರ ತೆಗೆದುಕೊಳ್ಳಿ.